ತ್ರೀ ನಾಟ್ ತ್ರೀ: ಚಿಲಕದ ಬಂದೂಕನ್ನು ಎಷ್ಟು ನಂಬಬಹುದು?

ಜಿಲ್ಲಾ ಖಜಾನೆಯ ಬಾಗಿಲಲ್ಲಿ, ಚುನಾವಣೆಯ ದಿನ ಮತಗಟ್ಟೆಯ ಜಗುಲಿಯಲ್ಲಿ, ಹೆಗಲಿಗೆ ಉದ್ದನೆಯ ಮರದ ಬಂದೂಕು ತೂಗುಹಾಕಿಕೊಂಡು ನಿಂತ ಪೇದೆಯನ್ನು ನೋಡದ ಹಿರಿಯರು ನಮ್ಮಲ್ಲಿ ವಿರಳ. ಇಂಗ್ಲಿಷ್ ಅಕ್ಷರ ಬಾರದವರೂ ಅದನ್ನು 'ತ್ರೀ ನಾಟ್ ತ್ರೀ' ಎಂದೇ ಗುರುತಿಸುತ್ತಿದ್ದರು. ನಳಿಗೆಯ ಒಳ ಅಗಲ ಒಂದು ಅಂಗುಲದ ಸಾವಿರದಲ್ಲಿ 303 ಪಾಲು, ಎಂದರೆ ಸುಮಾರು 7.7 ಮಿಲಿಮೀಟರ್ ಇರುವುದರಿಂದ ಈ ಹೆಸರು. 2020ರ ಜನವರಿ 26ರಂದು ಉತ್ತರ ಪ್ರದೇಶದ ಪೊಲೀಸರು ಗಣರಾಜ್ಯೋತ್ಸವದ ಕವಾಯತಿನಲ್ಲಿ ಈ ಬಂದೂಕನ್ನು ಕಡೆಯ ಸಲ ಹೊತ್ತು ನಡೆದು ಬೀಳ್ಕೊಟ್ಟರು. 1888ರಲ್ಲಿ ಹುಟ್ಟಿ, 1907ರಲ್ಲಿ ಬಹುಮಟ್ಟಿಗೆ ಇಂದಿನ ರೂಪ ತಳೆದ ಒಂದು ಯಂತ್ರ ಇಪ್ಪತ್ತೊಂದನೆಯ ಶತಮಾನದ ಎರಡು ದಶಕಗಳವರೆಗೂ ಸರ್ಕಾರಿ ನೌಕರಿಯಲ್ಲಿತ್ತು ಎಂದರೆ ಆಶ್ಚರ್ಯವಲ್ಲವೇ? ಅದು ಬಂದೂಕಿನ ಮೇಲಿನ ನಂಬಿಕೆಯೋ, ಸರ್ಕಾರದ ಜಿಪುಣತನವೋ?

ಎರಡೂ ಇದೆ ಎಂಬುದು ನನ್ನ ಅಭಿಪ್ರಾಯ. ಆದರೆ ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು. ಕಾಲೇಜಿನ ಎನ್.ಸಿ.ಸಿ. ದಿನಗಳಿಂದ ಹಿಡಿದು ನಾಲ್ಕು ದಶಕಗಳಿಗೂ ಮಿಕ್ಕಿ ಗುರಿ ಹೊಡೆಯುವ ಹವ್ಯಾಸ ಇಟ್ಟುಕೊಂಡವನು ನಾನು. ಕಾಗದದ ಗುರಿಹಲಗೆಯನ್ನು ಬಿಟ್ಟರೆ ಬೇರೇನನ್ನೂ ಹೊಡೆದವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೆಳೆದ ತಲೆಮಾರಿನ ಬಂದೂಕಿನವರ ಕತೆಯೇ ಅದು. ಆದರೂ ಕಾಗದಕ್ಕೆ ಹೊಡೆಯುವವನಿಗೂ ಒಂದು ಪ್ರಶ್ನೆ ಬಿಡುವುದಿಲ್ಲ: ಟ್ರಿಗರ್ ಎಳೆದಾಗ ಇದು ಹಾರುತ್ತದೆಯೇ? ಎಳೆಯದಿದ್ದಾಗ ಹಾರದೆ ಇರುತ್ತದೆಯೇ? ಬಂದೂಕಿನ ವಿಶ್ವಾಸಾರ್ಹತೆ ಎಂದರೆ ಇವೆರಡೇ. ಗುರಿ ಎಷ್ಟು ನಿಖರ ಎಂಬುದು ಬೇರೆಯದೇ ಮಾತು. ಇವುಗಳನ್ನು ಕಲಸಿಕೊಂಡದ್ದರಿಂದ ಒಂದು ದೇಶ ತನ್ನ ಮಕ್ಕಳನ್ನು ಬಲಿಕೊಟ್ಟ ಕತೆ ಮುಂದೆ ಬರುತ್ತದೆ.

ಮೊದಲು ಯಂತ್ರವನ್ನು ನೋಡೋಣ. ಇಂಗ್ಲಿಷಿನಲ್ಲಿ ಇದನ್ನು 'ಬೋಲ್ಟ್ ಆಕ್ಷನ್' ಎನ್ನುತ್ತಾರೆ. ಬೋಲ್ಟ್ ಎಂದರೆ ನಮ್ಮ ಬಾಗಿಲಿನ ಚಿಲಕವೇ. ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಬಾಗಿಲು ತೆರೆಯುತ್ತದೆ. ಮುಂದಕ್ಕೆ ತಳ್ಳಿ ಕೆಳಕ್ಕೆ ಮಡಚಿದರೆ ಭದ್ರವಾಗುತ್ತದೆ. ಬಂದೂಕಿನಲ್ಲೂ ಅಷ್ಟೇ. ಹಿಂದಕ್ಕೆಳೆದಾಗ ಚಿಲಕದ ತುದಿಯ ಕೊಕ್ಕೆ ಸುಟ್ಟ ತೋಟಾದ ಹಿತ್ತಾಳೆ ಕೋಶವನ್ನು ಹೊರಗೆಳೆದು ಎಸೆಯುತ್ತದೆ. ಮುಂದಕ್ಕೆ ತಳ್ಳಿದಾಗ ಕೆಳಗಿನ ಪೆಟ್ಟಿಗೆಯಿಂದ ಹೊಸ ತೋಟಾ ನಳಿಗೆಯೊಳಗೆ ಹೋಗುತ್ತದೆ. ಕೆಳಗೆ ಮಡಚಿದಾಗ ಚಿಲಕದ ಉಬ್ಬುಗಳು ಬಂದೂಕಿನ ಮೈಯ ಗಾಡಿಗಳಲ್ಲಿ ಸಿಕ್ಕಿ ಬಿಗಿಯುತ್ತವೆ. ಸಿಡಿತದ ಒತ್ತಡವನ್ನೆಲ್ಲ ಹೊರುವುದು ಆ ಸಣ್ಣ ಉಬ್ಬುಗಳು. ಇಷ್ಟೂ ಕೆಲಸಕ್ಕೆ ಶಕ್ತಿ ಹೊಡೆಯುವವನ ಬಲಗೈಯದು. ಸ್ವಯಂಚಾಲಿತ ಬಂದೂಕಿನಲ್ಲಿ ಈ ಕೆಲಸವನ್ನು ಸಿಡಿಮದ್ದಿನ ಅನಿಲ ಮಾಡುತ್ತದೆ. ಮದ್ದು ಕೆಟ್ಟಿದ್ದರೆ, ಅನಿಲದ ದಾರಿ ಕಟ್ಟಿಕೊಂಡಿದ್ದರೆ ಅದು ನಿಂತುಬಿಡುತ್ತದೆ. ಕೈಗೆ ಅಂಥ ತೊಂದರೆ ಇಲ್ಲ. ಬಿಗಿಯಾದರೆ ಇನ್ನಷ್ಟು ಜೋರಾಗಿ ಎಳೆಯುತ್ತದೆ.

ಈ ಚಿಲಕವನ್ನು ಯುದ್ಧಭೂಮಿಗೆ ತಂದವನು ಪ್ರಷ್ಯಾದ ಡ್ರೈಸೆ. ಅವನ 'ಸೂಜಿ ಬಂದೂಕ'ನ್ನು ಪ್ರಷ್ಯಾ 1841ರಲ್ಲಿ ಒಪ್ಪಿಕೊಂಡಿತು. 1866ರಲ್ಲಿ ಕ್ಯೋನಿಗ್ರೇಟ್ಸ್ ಕಾಳಗದಲ್ಲಿ ಆಸ್ಟ್ರಿಯದ ಸೈನಿಕರು ಎದ್ದು ನಿಂತು ನಳಿಗೆಯ ಬಾಯಿಂದ ಮದ್ದು ಗಿಡಿಯುತ್ತಿದ್ದರೆ ಪ್ರಷ್ಯದವರು ಮಲಗಿಕೊಂಡೇ ತುಂಬಿ ಹೊಡೆದರು. ಆದರೆ ಡ್ರೈಸೆಯ ಬಂದೂಕಿನ ಸೂಜಿ ಮುರಿಯುತ್ತಿತ್ತು, ಸೈನಿಕ ಬಿಡಿ ಸೂಜಿ ಇಟ್ಟುಕೊಳ್ಳಬೇಕಿತ್ತು. ಹಿಂದಿನಿಂದ ಬಿಸಿ ಹೊಗೆ ಮುಖಕ್ಕೆ ಬಡಿಯುತ್ತಿತ್ತು. ಲೋಹದ ಕೋಶದ ತೋಟಾ ಬಂದ ಮೇಲೆ ಈ ಸೋರಿಕೆ ನಿಂತಿತು. ಆಮೇಲೆ ಇಬ್ಬರ ಹೆಸರು ಮುಖ್ಯ: ಜರ್ಮನಿಯ ಪಾಲ್ ಮೌಸರ್ ಮತ್ತು ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾ, ಅಮೆರಿಕಗಳಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ. ತೋಟಾಗಳನ್ನು ಒಂದರ ಮೇಲೊಂದು ಪೇರಿಸುವ ಸ್ಪ್ರಿಂಗಿನ ಪೆಟ್ಟಿಗೆಗೆ ಲೀ 1879ರಲ್ಲಿ ಪೇಟೆಂಟ್ ಪಡೆದ. ಅವನ ಚಿಲಕ, ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆ, ಎರಡೂ ಸೇರಿ 1895ರಲ್ಲಿ 'ಲೀ-ಎನ್‌ಫೀಲ್ಡ್' ಆಯಿತು. ನಮ್ಮ ರಸ್ತೆಗಳಲ್ಲಿ ಗುಡುಗುವ ರಾಯಲ್ ಎನ್‌ಫೀಲ್ಡ್ ಬೈಕಿಗೂ ಹೆಸರು ಬಂದದ್ದು ಈ ಕಾರ್ಖಾನೆಯಿಂದಲೇ. ಅದರ ಮೂಲ ಕಂಪನಿ ಬಂದೂಕಿನ ಬಿಡಿಭಾಗಗಳನ್ನು ಮಾಡಿಕೊಡುತ್ತಿತ್ತು. 'ಬಂದೂಕಿನಂತೆ ತಯಾರಾದದ್ದು' ಎಂಬುದು ಅದರ ಜಾಹೀರಾತಿನ ಮಾತು. ಬೈಕಿನ ಹೆಸರು ಬುಲೆಟ್ ಆದದ್ದು ಸುಮ್ಮನೆ ಅಲ್ಲ.

ಎನ್‌ಫೀಲ್ಡ್ ಎಂಬ ಹೆಸರು ಭಾರತದ ಇತಿಹಾಸಕ್ಕೆ ಅದಕ್ಕೂ ಮೊದಲೇ ಹೊಕ್ಕಿತ್ತು. 1857ರಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಲು ನಿರಾಕರಿಸಿದ ಕೊಬ್ಬು ಸವರಿದ ತೋಟಾ 1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿನದು. ಅದು ಚಿಲಕದ್ದಲ್ಲ, ಬಾಯಿಂದ ಮದ್ದು ತುಂಬುವಂಥದು. ದಂಗೆ ಅಡಗಿದ ಮೇಲೆ ಬ್ರಿಟಿಷರು ಮಾಡಿದ ಒಂದು ಕೆಲಸವನ್ನು ನಮ್ಮ ಶಾಲಾಪುಸ್ತಕಗಳು ಹೇಳುವುದಿಲ್ಲ. ಭಾರತೀಯ ಸಿಪಾಯಿಗಳಿಗಾಗಿ ಅದೇ ಬಂದೂಕುಗಳ ನಳಿಗೆಯೊಳಗಿನ ಸುರುಳಿ ಗೆರೆಗಳನ್ನು ಕೊರೆದು ತೆಗೆದು ನುಣುಪು ಮಾಡಿದರು. ಹೊರಗಿನಿಂದ ನೋಡಿದರೆ ಗೋರಾ ಸೈನಿಕನ ಬಂದೂಕು. ಒಳಗಡೆ ಗುಂಡು ನೆಟ್ಟಗೆ ಹೋಗದ ಕೊಳವೆ. ಅಲ್ಲಿಂದ ಮುಂದೆ ಭಾರತೀಯನ ಕೈಯಲ್ಲಿ ಯಾವಾಗಲೂ ಒಂದು ತಲೆಮಾರು ಹಿಂದಿನ ಆಯುಧ. ಬ್ರಿಟಿಷನಿಗೆ ಮಾರ್ಟಿನಿ-ಹೆನ್ರಿ ಬಂದಾಗ ನಮ್ಮವರಿಗೆ ಸ್ನೈಡರ್. 1897ರ ತೀರಾ ದಂಡಯಾತ್ರೆಯಲ್ಲಿ ಬ್ರಿಟಿಷನ ಕೈಯಲ್ಲಿ ಚಿಲಕದ ಲೀ-ಮೆಟ್‌ಫರ್ಡ್, ನಮ್ಮವನ ಕೈಯಲ್ಲಿ ಮಾರ್ಟಿನಿ. 1914ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಭಾರತೀಯ ತುಕಡಿಗಳಿಗೆ ಹೊಸ ಮಾದರಿಯ ಬಂದೂಕನ್ನು ಅಲ್ಲಿಯೇ ಕೊಟ್ಟು, ಕೈ ಪಳಗುವಷ್ಟು ಸಮಯವೂ ಸರಿಯಾಗಿ ಸಿಗದೆ ಕಂದಕಗಳಿಗೆ ಕಳಿಸಲಾಯಿತು. ಬಂದೂಕಿನ ವಿಶ್ವಾಸಾರ್ಹತೆಯ ಕತೆಯಲ್ಲಿ ಯಾರ ಮೇಲೆ ಯಾರಿಗೆ ವಿಶ್ವಾಸ ಎಂಬುದೂ ಸೇರಿಕೊಂಡೇ ಇದೆ.

ಇನ್ನು ಆ ಬಲಿಯ ಕತೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆನಡಾಕ್ಕೆ ಲೀ-ಎನ್‌ಫೀಲ್ಡ್ ತಯಾರಿಸುವ ಅನುಮತಿ ಬ್ರಿಟನ್ನಿನಿಂದ ಸಿಗಲಿಲ್ಲ. ಆಗ ಸರ್ ಚಾರ್ಲ್ಸ್ ರಾಸ್ ಎಂಬ ಶ್ರೀಮಂತ ತನ್ನದೇ ಬಂದೂಕನ್ನು ಮುಂದಿಟ್ಟ. ಅದರ ಚಿಲಕವನ್ನು ಎತ್ತುವ, ಮಡಚುವ ರಗಳೆ ಇಲ್ಲ. ನೇರವಾಗಿ ಎಳೆದು ತಳ್ಳಿದರೆ ಸಾಕು, ಒಳಗಿನ ತಿರುಚುಗಾಡಿ ತಾನೇ ಬೀಗ ಹಾಕಿಕೊಳ್ಳುತ್ತದೆ. ನೋಡಲು ಸುಂದರ, ಗುರಿಯಲ್ಲಿ ಅಪ್ರತಿಮ. ಇಂಗ್ಲೆಂಡಿನ ಬಿಸ್ಲಿ ಪಂದ್ಯಗಳಲ್ಲಿ ಬಹುಮಾನಗಳನ್ನು ಬಾಚಿತು. ಕೆನಡಾದ ಮಿಲಿಟರಿ ಸಚಿವ ಸ್ಯಾಮ್ ಹ್ಯೂಸ್‌ಗೆ ಅದರ ಮೇಲೆ ಮಗನ ಮೇಲಿನಂಥ ಮೋಹ.

1915ರ ಏಪ್ರಿಲ್‌ನಲ್ಲಿ ಬೆಲ್ಜಿಯಮ್ಮಿನ ಈಪ್ರ್ ಬಳಿ ವಿಷಾನಿಲದ ನಡುವೆ ಕೆನಡಾದವರು ಈ ಬಂದೂಕಿನಿಂದ ಒಂದೇ ಸಮನೆ ಹೊಡೆಯಬೇಕಾಗಿ ಬಂತು. ಕೆಸರು ಬಿತ್ತು, ನಳಿಗೆ ಕಾದಿತು, ಬ್ರಿಟನ್ನಿನಲ್ಲಿ ತಯಾರಾದ ತೋಟಾಗಳು ಅದರ ಇಕ್ಕಟ್ಟಾದ ಕೋಣೆಯಲ್ಲಿ ಹೂತುಕೊಂಡವು. ಚಿಲಕ ತೆರೆಯದೆ ಸೈನಿಕರು ಬೂಟಿನಿಂದ ಒದ್ದರು, ಗುದ್ದಲಿ ಹಿಡಿಯಿಂದ ಬಡಿದರು. ಬದುಕಿ ಬಂದ ಸುಮಾರು ಐದು ಸಾವಿರ ಜನರಲ್ಲಿ 1,400ಕ್ಕೂ ಹೆಚ್ಚು ಮಂದಿ ತಮ್ಮ ರಾಸ್ ಬಂದೂಕನ್ನು ಎಸೆದು, ಸತ್ತ ಬ್ರಿಟಿಷ್ ಸೈನಿಕರ ಲೀ-ಎನ್‌ಫೀಲ್ಡ್ ಎತ್ತಿಕೊಂಡಿದ್ದರು. ಇನ್ನೊಂದು ಭೀಕರ ದೋಷವೂ ಇತ್ತು. ತೊಳೆಯಲು ಬಿಚ್ಚಿದ ಚಿಲಕವನ್ನು ತಪ್ಪಾಗಿ ಜೋಡಿಸಿದರೂ ಅದು ಒಳಗೆ ಕೂರುತ್ತಿತ್ತು, ಆದರೆ ಬೀಗ ಬೀಳುತ್ತಿರಲಿಲ್ಲ. ಹೊಡೆದಾಗ ಚಿಲಕ ಹಿಂದಕ್ಕೆ ಚಿಮ್ಮಿ ಹೊಡೆದವನ ಮುಖಕ್ಕೇ ಬರುತ್ತಿತ್ತು. ಹ್ಯೂಸ್ ಕೊನೆಯವರೆಗೂ ಒಪ್ಪಲಿಲ್ಲ. 1916ರಲ್ಲಿ ಬಂದೂಕೂ ಹೋಯಿತು, ಸಚಿವಗಿರಿಯೂ ಹೋಯಿತು. ಸ್ವಾರಸ್ಯವೆಂದರೆ, ಗೋಪ್ಯವಾಗಿ ಕುಳಿತು ನಿಧಾನವಾಗಿ ಒಂದೊಂದೇ ಗುಂಡು ಹೊಡೆಯುವ ಗುರಿಕಾರರು ಮಾತ್ರ ರಾಸ್ ಬಿಡಲಿಲ್ಲ. ಅವರಿಗೆ ಚೊಕ್ಕಟವಾಗಿಡಲು ಪುರುಸೊತ್ತಿತ್ತು. ಪಂದ್ಯದ ಮೈದಾನದಲ್ಲಿ ಗೆದ್ದದ್ದು ಕೆಸರಿನಲ್ಲಿ ಸೋತಿತು ಎಂದು ನಾವು ಗುರಿಗಾರರು ಕ್ಲಬ್ಬುಗಳಲ್ಲಿ ಈಗಲೂ ಇದನ್ನು ಹೇಳಿಕೊಳ್ಳುತ್ತೇವೆ.

ಲೀ-ಎನ್‌ಫೀಲ್ಡ್ ಏಕೆ ಸೋಲಲಿಲ್ಲ? ಅದರ ಚಿಲಕದ ಉಬ್ಬುಗಳು ಹಿಂಭಾಗದಲ್ಲಿವೆ. ಇಂಜಿನಿಯರುಗಳ ಪ್ರಕಾರ ಇದು ದೋಷ. ಮೌಸರಿನಂತೆ ಮುಂಭಾಗದಲ್ಲಿದ್ದರೆ ಬಿಗಿ ಹೆಚ್ಚು, ಗುರಿ ಹೆಚ್ಚು. ಆದರೆ ಹಿಂದಿರುವುದರಿಂದ ಕೆಸರು ಸಿಕ್ಕಿಕೊಳ್ಳುವ ಮೂಲೆ ಕಡಿಮೆ, ಒರೆಸುವುದೂ ಸುಲಭ. ಹಿಡಿಯನ್ನು ಮೌಸರಿನಲ್ಲಿ 90 ಡಿಗ್ರಿ ಎತ್ತಬೇಕಾದರೆ ಇದರಲ್ಲಿ 60 ಸಾಕು. ಮೌಸರಿನ ಪೆಟ್ಟಿಗೆಯಲ್ಲಿ ಐದು ತೋಟಾ, ಇದರಲ್ಲಿ ಹತ್ತು. ನಿಮಿಷಕ್ಕೆ ಹದಿನೈದು ಗುರಿಯಿಟ್ಟ ಗುಂಡು ಹೊಡೆಯುವುದು ಬ್ರಿಟಿಷ್ ಸೈನಿಕನ ಸಾಮಾನ್ಯ ಪರೀಕ್ಷೆಯಾಗಿತ್ತು. ಜೊತೆಗೆ ಎಲ್ಲವೂ ಸ್ವಲ್ಪ ಸಡಿಲ. ಹೊಸ ಮದುಮಗನ ಉಂಗುರದಂತೆ ಬಿಗಿಯಾಗಿ ಕೂರಿಸಿದ ಯಂತ್ರ ಧೂಳಿನಲ್ಲಿ ನಿಲ್ಲುತ್ತದೆ. ಅಜ್ಜನ ಚಪ್ಪಲಿಯಂತೆ ಸಡಿಲವಾದದ್ದು ನಡೆಯುತ್ತದೆ.

ಸಡಿಲವಿದ್ದರೂ ಉಕ್ಕು ಗಟ್ಟಿ ಇರಬೇಕಲ್ಲ? ಇದಕ್ಕೆ ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ಬಂದೂಕಿನ ಪ್ರಕರಣ ನೆನಪಿಡುವಂಥದು. 1917ರಲ್ಲಿ ಕೆಲವು ಬಂದೂಕುಗಳ ಮೈ ಗಾಜಿನಂತೆ ಒಡೆದು ಚೂರಾಯಿತು. ತನಿಖೆ ಮಾಡಿದಾಗ ಗೊತ್ತಾದದ್ದು: ಕುಲುಮೆಯಲ್ಲಿ ಉಕ್ಕು ಎಷ್ಟು ಕಾದಿದೆ ಎಂಬುದನ್ನು ಅನುಭವಿ ಕೆಲಸಗಾರರು ಬಣ್ಣ ನೋಡಿ ಕಣ್ಣಳತೆಯಲ್ಲೇ ನಿರ್ಧರಿಸುತ್ತಿದ್ದರು. ನಮ್ಮ ಕಮ್ಮಾರರದೂ ಇದೇ ವಿದ್ಯೆ. ಆದರೆ ಬಿಸಿಲಿನ ದಿನ ಬೆಳಕು ಜಾಸ್ತಿಯಾಗಿ ಕೆಂಪು ಮಂಕಾಗಿ ಕಾಣುತ್ತದೆ. ಇನ್ನೂ ಕಾದಿಲ್ಲವೆಂದು ಮತ್ತಷ್ಟು ಕಾಸುತ್ತಾರೆ. ಮೋಡದ ದಿನ ಸರಿಯಾಗುತ್ತದೆ. ತಾಪಮಾಪಕ ಹಚ್ಚಿ ನೋಡಿದರೆ ಬಿಸಿಲು ಮೋಡಗಳ ನಡುವೆ ಮುನ್ನೂರು ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ವ್ಯತ್ಯಾಸ ಇತ್ತು. ಒಂದು ಬಂದೂಕು ಒಡೆಯುವುದೋ ಬಿಡುವುದೋ ಎಂಬುದು ಅದು ಹುಟ್ಟಿದ ದಿನದ ಹವೆಯ ಮೇಲೆ ನಿಂತಿತ್ತು! 1918ರಲ್ಲಿ ಹದ ಹಾಕುವ ವಿಧಾನವನ್ನೇ ಬದಲಿಸಿದರು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕಡಿಮೆ ಕ್ರಮಸಂಖ್ಯೆಯ ಬಂದೂಕಿನಿಂದ ಹೊಡೆಯಬಾರದೆಂದು ಇಂದಿಗೂ ತಿಳಿದವರು ಎಚ್ಚರಿಸುತ್ತಾರೆ.

ನನ್ನ ಅನುಭವದಲ್ಲಿ ಚಿಲಕದ ಬಂದೂಕು ತಾನಾಗಿ ಕೈಕೊಟ್ಟದ್ದು ಬಹಳ ಕಡಿಮೆ. ಹತ್ತರಲ್ಲಿ ಒಂಬತ್ತು ಸಲ ತಪ್ಪು ತೋಟಾದ್ದೋ, ಒರೆಸದವರದ್ದೋ ಆಗಿರುತ್ತದೆ. ಎನ್.ಸಿ.ಸಿ. ಶಿಬಿರವೊಂದರಲ್ಲಿ ನಮಗೆ ಹಂಚಿದ .303 ತೋಟಾಗಳ ಬುಡದಲ್ಲಿ ಒತ್ತಿದ್ದ ಇಸವಿ ನೋಡಿದರೆ ಅವು ನಮಗಿಂತ ಹಿರಿಯವು. ಟ್ರಿಗರ್ ಎಳೆದರೆ ಒಂದು 'ಟಿಕ್', ಆಮೇಲೆ ಮೌನ. ಪಕ್ಕದ ಹುಡುಗ ಚಿಲಕಕ್ಕೆ ಕೈ ಹಾಕಿದವನೇ ಉಸ್ತಾದರ ಬೈಗುಳಕ್ಕೆ ಬೆಚ್ಚಿ ನಿಂತ, ಅಷ್ಟರಲ್ಲಿ 'ಢಂ'. ಕಿಡಿ ನಿಧಾನವಾಗಿ ಹತ್ತುವ ಇಂಥ ತೋಟಾ ಚಿಲಕ ತೆರೆದ ಮೇಲೆ ಸಿಡಿದರೆ ಹಿತ್ತಾಳೆ ಚೂರು ಕಣ್ಣಿಗೆ ಬರುತ್ತದೆ. ಹಾರದ ತೋಟಾ ಇದ್ದರೆ ನಳಿಗೆಯನ್ನು ಗುರಿಯತ್ತಲೇ ಇಟ್ಟು ಅರ್ಧ ನಿಮಿಷ ಕಾಯಬೇಕು ಎಂಬ ನಿಯಮ ಅದಕ್ಕೇ. ಚಿಲಕದ ಬಂದೂಕಿನ ದೊಡ್ಡ ಅನುಕೂಲ ಕೈಯಿಂದ ತೆರೆಯಬಹುದಾದದ್ದು. ದೊಡ್ಡ ಅಪಾಯವೂ ಅದೇ.

ಮಲೆನಾಡಿನಲ್ಲಿ ಬಂದೂಕಿನ ನಿಜವಾದ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿ. ಹಳೆಯ .303 ತೋಟಾದ ಕೇಪಿನಲ್ಲಿದ್ದ ರಾಸಾಯನಿಕ ಸುಟ್ಟಾಗ ಅಡಿಗೆ ಉಪ್ಪಿನ ದಾಯಾದಿಯಂಥ ಒಂದು ಲವಣ ನಳಿಗೆಯಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುವಂತೆ ಅದೂ ತೇವ ಎಳೆದುಕೊಂಡು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಸುತ್ತದೆ. ಎಣ್ಣೆ ಹಚ್ಚಿದರೆ ಆ ಲವಣ ಹೋಗುವುದಿಲ್ಲ. ಕುದಿಯುವ ನೀರು ಹುಯ್ದು ತೊಳೆದು, 'ಫುಲ್‌ಥ್ರೂ' ಹಗ್ಗದಲ್ಲಿ ನಾಲ್ಕಕ್ಕೆ ಎರಡು ಅಂಗುಲದ ಚಿಂದಿ ಕಟ್ಟಿ ಎಳೆದು, ಆಮೇಲೆ ಎಣ್ಣೆ. ಹಗ್ಗ, ಹಿತ್ತಾಳೆಯ ಎಣ್ಣೆ ಶೀಶೆ ಎರಡೂ ಬಂದೂಕಿನ ಹಿಂಬದಿಯ ಮರದೊಳಗಿನ ಗೂಡಿನಲ್ಲೇ ಇರುತ್ತವೆ. ಕಬ್ಬಿಣಕ್ಕೆ ನೀರು ಹುಯ್ಯುವುದೆಂದರೆ ಹೊಸಬರು ನಂಬುವುದಿಲ್ಲ.

.303 ತೋಟಾಕ್ಕೆ ಬುಡದಲ್ಲಿ ಅಂಚು ಉಂಟು. ಪೆಟ್ಟಿಗೆಗೆ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡರೆ ಚಿಲಕ ಎರಡನ್ನೂ ಒಟ್ಟಿಗೆ ಎಳೆದು ನಿಲ್ಲುತ್ತದೆ. ಆತುರದಲ್ಲಿ ತುಂಬಿದವರ ಬಂದೂಕೇ ಸಿಕ್ಕಿಕೊಳ್ಳುವುದು ಹೆಚ್ಚು. ಚಿಲಕವನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವುದೂ ತಪ್ಪು. ಮೈಮೇಲೂ ಚಿಲಕದ ಮೇಲೂ ಒಂದೇ ನಂಬರು ಒತ್ತಿರುವುದು ಅವೆರಡನ್ನೂ ಪರಸ್ಪರ ಉಜ್ಜಿ ಕೂರಿಸಿರುವುದರಿಂದ. ನಾನು ಕಂಡ ಒಂದು ಕ್ಲಬ್ಬಿನ .22 ಬಂದೂಕಿನಲ್ಲಿ ಕೋಶಗಳು ಹೊರಬರದೆ ಎಲ್ಲರೂ ಬಂದೂಕನ್ನು ಬೈಯುತ್ತಿದ್ದರು. ಬಿಚ್ಚಿ ನೋಡಿದರೆ, ವರ್ಷಗಟ್ಟಲೆ ತೋಟಾ ಇಲ್ಲದೆ ಟ್ರಿಗರ್ ಎಳೆದೆಳೆದು ಮೊಳೆ ಬಡಿದು ಕೋಣೆಯ ಅಂಚೇ ಜಜ್ಜಿಹೋಗಿತ್ತು.

ಬೇಟೆಯ ಸಾಹಿತ್ಯ ಓದಿದವರಿಗೆ ಜಿಮ್ ಕಾರ್ಬೆಟ್ ಗೊತ್ತು. 1907ರಲ್ಲಿ ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕೆ ಅವನಿಗೆ ಬಹುಮಾನವಾಗಿ ಸಿಕ್ಕಿದ್ದು ರಿಗ್ಬಿ ಕಂಪನಿಯ .275 ಬಂದೂಕು, ಒಳಗೆ ಮೌಸರ್ ಚಿಲಕ. ಮೌಸರಿನ ದೊಡ್ಡ ಕೊಕ್ಕೆ ತೋಟಾ ಪೆಟ್ಟಿಗೆಯಿಂದ ಮೇಲೆದ್ದ ಕ್ಷಣದಿಂದ ಹೊರಗೆಸೆಯುವವರೆಗೂ ಹಿಡಿದೇ ಇರುತ್ತದೆ; ಬಂದೂಕನ್ನು ತಲೆಕೆಳಗು ಹಿಡಿದರೂ ಬೀಳುವುದಿಲ್ಲ. ತೇಜಸ್ವಿಯವರ ಕನ್ನಡದಲ್ಲಿ ನಮ್ಮ ಮನೆಮಾತಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಮಾತ್ರ ಈ ಪಂಗಡದವನಲ್ಲ. ಅವನ .405 ವಿಂಚೆಸ್ಟರ್ ಟ್ರಿಗರ್ ಕೆಳಗಿನ ಸನ್ನೆಯನ್ನು ಬೀಸಿ ತುಂಬುವಂಥದು. ಕೊಡಗಿನ ಮನೆಗಳಲ್ಲಿ ಕೈಲ್ ಪೊಳ್ದ್ ದಿನ ತೋಕ್ ಪೂ ಸಿಕ್ಕಿಸಿ ಪೂಜಿಸುವ ಕೋವಿಗಳಲ್ಲೂ ಬಹಳಷ್ಟು ನುಣುಪು ನಳಿಗೆಯವೇ. ನಾಗರಿಕರಿಗೆ .303 ಸಿಗದಂತೆ ಬ್ರಿಟಿಷರು ತಡೆದುದರಿಂದ ಅದರದೇ ಚಿಲಕಕ್ಕೆ ಬೇರೆ ಅಳತೆಯ ನಳಿಗೆ ಹಾಕಿದ .315 ಬಂದೂಕು ಚಾಲ್ತಿಗೆ ಬಂತು. ಕಲ್ಕತ್ತೆಯ ಬಳಿಯ ಇಶಾಪುರ ಕಾರ್ಖಾನೆ ಸ್ವಾತಂತ್ರ್ಯಾನಂತರವೂ ಅದನ್ನು ಮಾಡಿತು.

ಇಶಾಪುರದ ಹೆಸರು ಬಂದ ಮೇಲೆ 1962ನ್ನು ದಾಟಿ ಹೋಗುವಂತಿಲ್ಲ. ಆ ವರ್ಷದ ಚಳಿಯಲ್ಲಿ ಹಿಮಾಲಯದಲ್ಲಿ ನಮ್ಮ ಸೈನಿಕನ ಕೈಯಲ್ಲಿದ್ದುದು ಮೊದಲ ಮಹಾಯುದ್ಧ ಕಾಲದ ಮಾದರಿಯ ಇದೇ .303. ಎದುರಿಗೆ ಒಂದೊಂದು ಗುಂಡಿಗೂ ಚಿಲಕ ಎಳೆಯಬೇಕಾಗಿಲ್ಲದ ಬಂದೂಕು. ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಸುಮಾರು 120 ಜನ ಇವುಗಳಿಂದಲೇ ಕಾದಿದರು. ಮುಂದಿನ ವರ್ಷದ ಆರಂಭದಲ್ಲಿ ಹುಡುಕಿಹೋದವರಿಗೆ ಹೆಪ್ಪುಗಟ್ಟಿದ ದೇಹಗಳು ಆಯುಧ ಹಿಡಿದ ಭಂಗಿಯಲ್ಲೇ ಸಿಕ್ಕಿದವು. ಬಂದೂಕು ಕೆಟ್ಟಿತೆಂದು ಯಾರೂ ದೂರುವಂತಿರಲಿಲ್ಲ. ಅದು ತನ್ನ ಕೈಲಾದಷ್ಟನ್ನು ಮಾಡಿತ್ತು, ಆ ಕೈಲಾದಷ್ಟು ಅರ್ಧ ಶತಮಾನ ಹಳೆಯದಾಗಿತ್ತು. ಆಮೇಲೆ ಇಶಾಪುರದಲ್ಲಿ ಉತ್ತಮ ಉಕ್ಕಿನಿಂದ ಅದೇ ಬಂದೂಕನ್ನು 7.62 ಮಿ.ಮೀ. ತೋಟಾಕ್ಕೆ ಹೊಂದಿಸಿ 2ಎ, 2ಎ1 ಎಂಬ ಹೆಸರಿನಲ್ಲಿ ಮಾಡಿದರು. ಹಳೆಯ .303ಗಳು ಪೊಲೀಸರ ಪಾಲಾದವು. 2008ರ ನವೆಂಬರ್ 26ರ ರಾತ್ರಿ ಮುಂಬೈಯ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಕೆಲವು ಪೊಲೀಸರ ಬಳಿ ಇದ್ದುದು ಅದೇ, ಮಿಕ್ಕವರ ಬಳಿ ಲಾಠಿ. ಮರುದಿನ ಪತ್ರಿಕೆಗಳು, ಟಿ.ವಿ. ಎಲ್ಲ ಬಂದೂಕಿನ ವಯಸ್ಸನ್ನು ಆಡಿಕೊಂಡವು. ವರ್ಷದಲ್ಲಿ ಎಷ್ಟು ಸಲ ಆ ಪೇದೆಗಳಿಗೆ ಹೊಡೆದು ಅಭ್ಯಾಸ ಮಾಡಲು ತೋಟಾ ಕೊಟ್ಟಿದ್ದರು ಎಂದು ಕೇಳಿದವರು ಕಡಿಮೆ. ನಾನಾದರೆ ಅದನ್ನೇ ಮೊದಲು ಕೇಳುತ್ತಿದ್ದೆ.

ಹಾಗಾದರೆ ಚಿಲಕದ ಕಾಲ ಮುಗಿಯಿತೇ? 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಆಡಿದ್ದು .22 ಬಂದೂಕಿನ ಆಟ. ಅಲ್ಲಿ ಒಂದೊಂದು ಗುಂಡಿಗೂ ಚಿಲಕ ತೆರೆದು ಮುಚ್ಚಬೇಕು. ಇನ್ನು ಹಿಮದ ನಾಡುಗಳಲ್ಲಿ ಅದರ ಉದ್ಯೋಗ ಹೋಗಿಯೇ ಇಲ್ಲ. ಗ್ರೀನ್‌ಲೆಂಡಿನಲ್ಲಿ ನಾಯಿಬಂಡಿ ಹೂಡಿ ಕಾವಲು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆ ಹಿಮಕರಡಿಗಳಿಗೆಂದು ದಶಕಗಳ ಕಾಲ ಹೊತ್ತದ್ದು 1917ರ ಮಾದರಿಯ ಬಂದೂಕು. ಅದು ಲೀ-ಎನ್‌ಫೀಲ್ಡನ್ನು ಕಿತ್ತುಹಾಕಲೆಂದೇ ಬ್ರಿಟಿಷರು ಮೌಸರ್ ದಾರಿಯಲ್ಲಿ ರೂಪಿಸಿ, ಯುದ್ಧ ಬಂದು ಕೈಬಿಟ್ಟ ಮಾದರಿಯ ಅಮೆರಿಕನ್ ಕೂಸು. ಅಲ್ಲಿನ ಪಾಠ ನಮ್ಮ ಮಲೆನಾಡಿನದಕ್ಕೆ ತದ್ವಿರುದ್ಧ: ಎಣ್ಣೆ ಚಳಿಗೆ ಅಂಟಾಗುವುದರಿಂದ ಚಿಲಕವನ್ನು ಪೂರ್ತಿ ಒಣಗಿಸಿಯೇ ಇಡಬೇಕು.

ಕೆನಡಾದ ಉತ್ತರದಲ್ಲಿ ಗಸ್ತು ತಿರುಗುವ ರೇಂಜರ್ ಪಡೆ, ಅದರಲ್ಲಿ ಸ್ಥಳೀಯ ಇನ್ಯುಯಿಟ್ ಜನರೂ ಬಹಳ, 1947ರಲ್ಲಿ ಹುಟ್ಟಿದಂದಿನಿಂದ ಲೀ-ಎನ್‌ಫೀಲ್ಡ್ ಹಿಡಿದಿತ್ತು. ರಾಸ್ ಬಂದೂಕಿನಿಂದ ಪೆಟ್ಟು ತಿಂದ ಅದೇ ದೇಶ. ಬಿಡಿಭಾಗ ಸಿಗುವುದು ಕಷ್ಟವಾದಾಗ 2018ರಿಂದ ಅವರಿಗೆ ಸಿ-19 ಎಂಬ ಹೊಸ ಬಂದೂಕು ಹಂಚತೊಡಗಿದರು. ಅದೂ ಚಿಲಕದ್ದೇ, ಫಿನ್ಲೆಂಡಿನ ಮಾದರಿ. ಹಳೆಯದನ್ನು ತಾವೇ ಇಟ್ಟುಕೊಳ್ಳಬಯಸುವ ರೇಂಜರುಗಳು, ಲೈಸೆನ್ಸ್ ಇದ್ದರೆ, ಇಟ್ಟುಕೊಳ್ಳಬಹುದೆಂದು ಸರ್ಕಾರ ಅವಕಾಶ ಕೊಟ್ಟಿತು.